ನೀಲಕಂಠನ ಕೊನೆಯ ಕಂತು

"ಬೆಳಿಗ್ಗೆ ಡಬ್ಬಕ್ಕೆ ಹಾಕಿದ ಲಕೋಟೆ... ಅದು ನನಗೆ ವಾಪಸ್ ಬೇಕು."

ಹರವೆ ಅಂಚೆ ಕಚೇರಿಯ ಕಿಟಕಿಯ ಸರಳು ಹಿಡಿದು ನಿಂತ ನೀಲಾವತಿಗೆ ಏದುಸಿರು. ಅಂಗನವಾಡಿಗೆ ಬೀಗ ಹಾಕಿದವಳೇ ಓಡಿ ಬಂದಿದ್ದಳು. ದಾರಿಯಲ್ಲಿ ಚಪ್ಪಲಿಯ ಬಾರು ಕಿತ್ತಿದ್ದೂ ಅವಳಿಗೆ ಗೊತ್ತಾಗಿರಲಿಲ್ಲ.

ಒಳಗೆ ಪೋಸ್ಟ್‌ಮಾಸ್ಟರ್ ಶಾಂತರಾಜು ಟಪಾಲು ಚೀಲದ ಬಾಯಿ ಕಟ್ಟಲು ಹೊರಟಿದ್ದ. ಗುಂಡ್ಲುಪೇಟೆ ಕಡೆಯವನು, ಈ ಊರಿಗೆ ಬಂದು ಐದು ತಿಂಗಳಾಗಿತ್ತು. ಅವಳನ್ನು ಕಂಡು ಅವನ ಕೈ ನಿಂತಿತು.

"ದಪ್ಪ ಲಕೋಟೆಯಾ? ಮೈಸೂರಿನ ವಾರಪತ್ರಿಕೆಗೆ ಹೋಗೋದು?"

"ಹೂಂ."

"ಕಳಿಸಿದವರೇ ಅರ್ಜಿ ಬರ್ಕೊಡಬೇಕು ಟೀಚರ್. ಇದರ ಮೇಲೆ ನೀಲಕಂಠ ಅಂತಿದೆ." ಒಂದು ಕ್ಷಣ ತಡೆದು ಮೆಲ್ಲಗೆ ಕೇಳಿದ, "ಅವರು ನಿಮಗೆ... ಏನಾಗಬೇಕು?"

ನೀಲಾವತಿಯ ಕಣ್ಣು ಟಪಾಲು ಚೀಲದ ಮೇಲೆ ಹೋಯಿತು. ಏನಂತ ಹೇಳಲಿ?

ಆ ವರ್ಷ, ಅಂದರೆ ತೊಂಬತ್ತಾರರಲ್ಲಿ, ಹರವೆಯಲ್ಲಿ ಯಾರು ಸಿಕ್ಕರೂ ಒಂದೇ ಮಾತು. ವಾರಪತ್ರಿಕೆಯಲ್ಲಿ ಬರುತ್ತಿದ್ದ ಕೊಲೆಯ ಧಾರಾವಾಹಿ. ಒಂದು ಸಣ್ಣ ಹಳ್ಳಿ. ಅಲ್ಲಿನ ಅಕ್ಕಿ ಗಿರಣಿ ಯಜಮಾನ ಟೀ ಕುಡಿಯುತ್ತ ಕುಡಿಯುತ್ತಲೇ ಸತ್ತುಬೀಳುತ್ತಾನೆ. ಕೊಂದವರು ಯಾರು?

ಕಥೆಯಲ್ಲಿ ಊರಿನ ಹೆಸರು ಬೇರೆ. ಆದರೆ ಆ ಯಜಮಾನ ತಮ್ಮ ವೃಷಭೇಂದ್ರಪ್ಪನವರೇ, ಆ ಟೀ ಅಂಗಡಿಯವನು ತಮ್ಮ ಚಿಕ್ಕಬೀರಯ್ಯನೇ ಎಂದು ಎರಡನೇ ವಾರಕ್ಕೇ ಎಲ್ಲರಿಗೂ ತಿಳಿದುಹೋಯಿತು. ಬರೆಯುತ್ತಿರುವ ನೀಲಕಂಠ ಯಾರು ಎಂಬುದು ಮಾತ್ರ ತಿಳಿಯಲಿಲ್ಲ.

ನೀಲಕಂಠ ಅವಳೇ. ಮಕ್ಕಳು ಮಲಗಿದ ಮಧ್ಯಾಹ್ನಗಳಲ್ಲಿ, ಅಂಗನವಾಡಿಯ ಮೂಲೆಯಲ್ಲಿ ಕೂತು ಬರೆದಿದ್ದಳು. ಹೆತ್ತ ಅವ್ವನಿಗೂ ಹೇಳಿರಲಿಲ್ಲ. ಮದುವೆಯಾಗದ ಹೆಣ್ಣು ಹೆಣ, ವಿಷ ಅಂತ ಬರೆದರೆ ಊರು ಏನಂದೀತು?

ಅಂದು ಮಧ್ಯಾಹ್ನ ಟೀ ಅಂಗಡಿ ದಾಟುವಾಗ ಅವಳ ಕಾಲು ತಾನಾಗಿ ನಿಂತಿತ್ತು. ಬೆಂಚುಗಳು ಖಾಲಿ. ಒಲೆ ಆರಿತ್ತು. ಚಿಕ್ಕಬೀರಯ್ಯ ಒಬ್ಬನೇ ಕೂತಿದ್ದ.

"ಯಾಕ್ ಮಾವ, ಮೈ ಹುಷಾರಿಲ್ವಾ?"

"ಮೈಗೇನಾಗದೆ ಕಣಮ್ಮಿ? ಮೊದಮೊದ್ಲು ತಮಾಸೆ ಮಾಡ್ತಿದ್ರು. ಈಗ ನಿಜವಾಗ್ಲೂ ಯಾರೂ ಬತ್ತಾ ಇಲ್ಲ. ನಿನ್ನೆ ಈರಮ್ಮ ಮೊಮ್ಮಗೂನ ಕೈಲಿದ್ದ ಬನ್ನು ಕಿತ್ತು ಬಿಸಾಕ್‌ಬುಟ್ಲು. ನಾನೇನ್ ಮಾಡ್ದೆ ಹೇಳು?"

ಅಂದು ಬೆಳಿಗ್ಗೆಯಷ್ಟೇ ಡಬ್ಬಕ್ಕೆ ಹಾಕಿದ ಕೊನೆಯ ಕಂತಿನಲ್ಲಿ ಕೊಲೆಗಾರ ಟೀ ಅಂಗಡಿಯವನೇ.

"ಟೀಚರ್, ಬಸ್ಸು ಬರೋ ಹೊತ್ತಾಯ್ತು," ಶಾಂತರಾಜು ಎಚ್ಚರಿಸಿದ. "ನೀಲಕಂಠ ಅವರನ್ನೇ ಕರ್ಕೊಂಡು ಬನ್ನಿ. ಪುಣ್ಯವಂತರು. ನೀವು ಅವರಿಗೋಸ್ಕರ ಇಷ್ಟು ಓಡಾಡ್ತೀರಲ್ಲ..."

ಅವನ ದನಿಯಲ್ಲಿ ಏನೋ ಇತ್ತು. ನೋವಾ?

"ಕರ್ಕೊಂಡು ಬರೋಕಾಗಲ್ಲ."

"ಯಾಕೆ? ಊರಲ್ಲಿಲ್ವಾ?"

"ಇದ್ದಾರೆ." ಅವಳ ಕಣ್ಣು ತುಂಬಿಬಂತು. "ನಿಮ್ಮ ಮುಂದೇನೇ ನಿಂತಿದ್ದಾರೆ."

ಶಾಂತರಾಜು ಬಿಳಿ ಹಾಳೆಯೊಂದನ್ನು ಮುಂದೆ ತಳ್ಳಿದ. ಅವಳು ಅರ್ಜಿ ಬರೆದಳು. ಅವನು ಅದನ್ನು ಲಕೋಟೆಯ ಪಕ್ಕ ಇಟ್ಟು ನೋಡಿದ. ಅದೇ ದುಂಡು ಅಕ್ಷರ, ಅದೇ ಉದ್ದ ಬಾಲದ 'ಳ'.

ಮೊದಲು ಅವನ ತುಟಿಯಂಚು ನಕ್ಕಿತು. ಆಮೇಲೆ ತಡೆಯಲಾಗದೆ ಜೋರಾಗಿಯೇ ನಕ್ಕುಬಿಟ್ಟ.

"ಏನು ನಗೋದು?" ಅವಳಿಗೆ ಸಿಟ್ಟು ಬಂತು.

"ಮೂರು ತಿಂಗಳು ಟೀಚರ್... ವಾರವಾರ ನೀವು ಈ ಲಕೋಟೆ ಹಾಕೋದು ನೋಡ್ತಾ, ಇಲ್ಲದಿರೋ ಒಬ್ಬ ಗಂಡಸಿನ ಮೇಲೆ ಹೊಟ್ಟೆ ಉರ್ಕೊಂಡು ಕೂತಿದ್ದೆ."

ಅವಳ ಸಿಟ್ಟು ಎಲ್ಲಿ ಹೋಯಿತೋ! ಕೆನ್ನೆ ಬಿಸಿಯಾಯಿತು. ನೋಟ ಕಿಟಕಿಯ ಕಟ್ಟೆಗೆ ಇಳಿಯಿತು.

ಲಕೋಟೆ ಕೈಗೆ ಬಂದ ಮೇಲೆ ಅವಳು ಎಲ್ಲವನ್ನೂ ಹೇಳಿದಳು. "ಈಗ ಕೊಲೆಗಾರ ಯಾರು ಅಂತ ಬರೀಲಿ? ಯಾರ ಹೆಸರು ಹೇಳಿದ್ರೂ ಊರಲ್ಲಿ ಅಂಥವನೊಬ್ಬ ಇದ್ದೇ ಇರ್ತಾನೆ."

"ಮೂರನೇ ಕಂತಲ್ಲಿ ಪೋಸ್ಟ್‌ಮಾಸ್ಟರ್ ಒಬ್ಬ ಬರ್ತಾನಲ್ಲ? ಟೆಲಿಗ್ರಾಂ ಕೊಟ್ಟು ಯಜಮಾನನ ಪಕ್ಕದಲ್ಲೇ ಕೂತು ಟೀ ಕುಡೀತಾನೆ. ಅವನನ್ನೇ ಮಾಡಿ."

"ಆಮೇಲೆ ಜನ ನಿಮ್ಮನ್ನ..."

"ನಾನು ಹೇಗೂ ಪರಊರವನು. ಚಿಕ್ಕಬೀರಯ್ಯನವರು ಇಲ್ಲೇ ಬದುಕಬೇಕು."

ಇಷ್ಟು ಸಲೀಸಾಗಿ ಯಾರಾದರೂ ಕೊಲೆ ಒಪ್ಪಿಕೊಳ್ಳುತ್ತಾರಾ? ನೀಲಾವತಿ ಅವನನ್ನು ಅಂದೇ ಮೊದಲ ಬಾರಿಗೆ ಸರಿಯಾಗಿ ನೋಡಿದಳು.

ಮರುದಿನ ಹೊಸ ಕಂತು ಹೋಯಿತು. ಮುಂದಿನ ಮೂರು ವಾರ ಟೀಚರಮ್ಮನಿಗೆ ದಿನಾ ಒಂದು ಇನ್‌ಲ್ಯಾಂಡ್ ಲೆಟರ್ ಬೇಕಾಗುತ್ತಿತ್ತು. ಯಾರಿಗೆ ಬರೆಯುತ್ತಿದ್ದಳೋ, ಪೋಸ್ಟ್‌ಮಾಸ್ಟರ್ ಕೇಳಲಿಲ್ಲ. ಅರ್ಧ ಗಂಟೆ ಬೇರೆ ಏನೇನೋ ಕೇಳುತ್ತಿದ್ದ.

ಪತ್ರಿಕೆ ಬಂದ ದಿನ ಚಿಕ್ಕಬೀರಯ್ಯನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀಲಾವತಿಯೂ ಅವ್ವನಿಗೆ ಬನ್ನು ಕೊಳ್ಳುವ ನೆಪದಲ್ಲಿ ಬಂದಿದ್ದಳು. ಆಗಲೇ ಶಾಂತರಾಜು ಬಂದ. ಬೆಂಚಿನಲ್ಲಿದ್ದವರೆಲ್ಲ ಲೋಟ ಹಿಡಿದು ಎದ್ದು ನಿಂತರು.

"ಇನ್ಮೇಲೆ ನನ್ ಮಗನ ಕಾಗ್ದ ನೀವು ಮುಟ್ಬ್ಯಾಡಿ ಸಾಮಿ," ಎಂದಳು ಈರಮ್ಮ.

ಶಾಂತರಾಜು ನಕ್ಕ. ಆದರೆ ಆ ನಗು ಕಣ್ಣಿಗೆ ಏರಲಿಲ್ಲ. ನೀಲಾವತಿಗೆ ಅದಷ್ಟೇ ಸಾಕಾಯಿತು.

"ಈರಮ್ಮತ್ತೆ, ಇವ್ರು ಇರುವೆನೂ ತುಳಿಯೋರಲ್ಲ. ಆ ಕಥೆ ಬರ್ದಿದ್ದು ನಾನು. ನೀಲಕಂಠ ನಾನೇ."

ಮೂಲೆಯಿಂದ ವೃಷಭೇಂದ್ರಪ್ಪ ಎದ್ದರು. "ನನ್ನ ಕೊಂದೋಳು ನೀನೇನಮ್ಮಿ?"

"ಹೂಂ ಯಜಮಾನ್ರೇ... ತಪ್ಪಾಯ್ತು."

"ಕೊಂದ್ರೆ ಕೊಂದೆ, ಬುಡು. ಆದ್ರೆ ಹದಿನಾಕು ವಾರದಲ್ಲಿ ನನ್ ಹೆಣದ ಮುಂದೆ ಒಬ್ರಾದ್ರೂ ಅಳೋದು ಬ್ಯಾಡ್ವಾ?"

"ನಾನು ಅಳ್ತಿದ್ದೆ ಯಜಮಾನ್ರೇ," ಎಂದ ಚಿಕ್ಕಬೀರಯ್ಯ. "ನನ್ನೇ ಕೊಲೆಗಾರ ಅಂದ್ಬುಟ್ರಲ್ಲ, ಎಲ್ಲಿ ಅಳನ?"

ಮೊದಲು ನಕ್ಕಿದ್ದು ಈರಮ್ಮ. ಆಮೇಲೆ ಅಂಗಡಿಗೆ ಅಂಗಡಿಯೇ ನಕ್ಕಿತು. ನೀಲಾವತಿ ಕೈಮುಗಿದು ಚಿಕ್ಕಬೀರಯ್ಯನ ಮುಂದೆ ನಿಂತಳು. "ಮಾವ, ನಿಮ್ಗೇ ಜಾಸ್ತಿ ನೋವು ಕೊಟ್ಟೆ."

"ಆಗಿದ್ದಾಯ್ತು. ಕುಂತ್ಕೊ ಕಣಮ್ಮಿ, ಟೀ ಕುಡಿ. ಮಾಷ್ಟ್ರೇ, ನೀವೂ ಕುಂತ್ಕೊಳಿ."

ಸಂಜೆ ಅವಳ ಮನೆಯ ಬೀದಿಯವರೆಗೂ ಶಾಂತರಾಜು ಸೈಕಲ್ ತಳ್ಳಿಕೊಂಡು ಜೊತೆಗೇ ನಡೆದ.

"ಭಾನುವಾರ ನಮ್ಮವ್ವ ಬರ್ತಾರೆ. ನಿಮ್ಮನೆಗೆ ಕರ್ಕೊಂಡು ಬರ್ಲಾ?"

"ಸುಮ್ನೆ ಮಾತಾಡಿಸ್ಕೊಂಡು ಹೋಗೋಕಾ?"

"ಅಲ್ಲ... ನಿಮ್ಮವ್ವನ್ನ ಕೇಳೋಕೆ."

"ಹುಡುಗಿ ಕೊಲೆ ಕಥೆ ಬರೀತಾಳೆ ಅಂತ ಮೊದಲೇ ಹೇಳ್ಬಿಡಿ."

"ಹೋದ ವಾರವೇ ಹೇಳಿದೆ."

"ಏನಂದ್ರು?"

"ಅಷ್ಟು ತಲೆ ಇರೋ ಹುಡ್ಗಿ ಸಿಕ್ಕವಳೆ, ಬುಟ್‌ಬುಡ್ಬ್ಯಾಡ ಕಣ್ಲಾ ಅಂದ್ರು." ಅವನು ಸೈಕಲ್ ನಿಲ್ಲಿಸಿದ. "ನೀಲಾ... ಬರ್ಲಾ?"

ಮೊದಲ ಬಾರಿಗೆ ಅವನ ಬಾಯಲ್ಲಿ ತನ್ನ ಹೆಸರು. ಅವಳು ಸೈಕಲ್ ಹ್ಯಾಂಡಲಿನ ಮೇಲಿದ್ದ ಅವನ ಕೈಯ ಮೇಲೆ ಕೈಯಿಟ್ಟಳು.

"ಬನ್ನಿ. ಊಟಕ್ಕೇ ಬನ್ನಿ."