ಹೊಸ್ತಿಲಾಚೆ ನಿಂತವನು

ಕುರಿ ಮೇಯಿಸಿ ಬಂದ ಜುಂಜೇಶ್ ಹೊಸ್ತಿಲು ದಾಟುವುದಕ್ಕೂ ನೇತ್ರಾವತಿಯ ತಲೆಗೆ ಸುತ್ತಿದ್ದ ಬಟ್ಟೆ ಜಾರುವುದಕ್ಕೂ ಸರಿಹೋಯಿತು.

ಕೂದಲಿಲ್ಲದ ತಲೆಯನ್ನು ಗಂಡ ನೋಡಿದ್ದು ಅದೇ ಮೊದಲು! ಅಷ್ಟರಲ್ಲೇ ಓಕರಿಕೆ ಒತ್ತರಿಸಿ ಬಂದು, ಕಣ್ಣಲ್ಲಿ ನೀರು ತುಂಬಿ, ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಅವನು ಒಂದು ಕ್ಷಣ ದಿಟ್ಟಿಸಿ, ಹಿಂದಿರುಗಿ ಹೋದ.

ಮೂರನೆಯ ಕೀಮೋ ಮುಗಿಸಿ, ಬಾಗೂರಿನ ತವರಿನಿಂದ ಅವಳು ಧರ್ಮಪುರದ ಈ ಮನೆಗೆ ಮರಳಿದ್ದು ಅಂದೇ. ಬಾಯಲ್ಲಿ ಕಬ್ಬಿಣ ನೆಕ್ಕಿದಂಥ ರುಚಿ. ಬೆರಳ ತುದಿಗಳಲ್ಲಿ ಜೋಮು. ಯಾವ ವಾಸನೆಗೂ ಓಕರಿಕೆ. ಅದನ್ನೆಲ್ಲ ತಡೆದುಕೊಂಡಿದ್ದಳು. ಆದರೆ ಗಂಡ ಹೀಗೆ ತಿರುಗಿ ಹೋಗಿದ್ದು...?

ಆಮೇಲೆ ಅವನು ಒಳಗೆ ಕಾಲಿಡಲೇ ಇಲ್ಲ. ಗಂಜಿ, ಮಾತ್ರೆ ಎಲ್ಲವೂ ಅತ್ತೆ ಕಾಳಕ್ಕನ ಕೈಲಿ ಬರುತ್ತಿದ್ದವು.

'ನನ್ನ ನೋಡಿ ಅಸಹ್ಯ ಆಗೈತೆ ಅವನಿಗೆ... ತವರಿಗೇ ಹೋಗಿಬಿಡ್ತೀನಿ.'

ಒಂದು ಬೆಳಿಗ್ಗೆ ಬ್ಯಾಗು ತುಂಬಿದಳು.

"ಎಲ್ಲಿಗಮ್ಮ ಹೊಂಟೆ?" ಕಾಳಕ್ಕ ಗಾಬರಿಯಾದಳು. "ಮೊದ್ಲು ನಿನ್ ಗಂಡನ್ನ ನೋಡೋಗು! ದಿನಾ ಸೋಪು ಸವೆಸ್ತಾನೆ, ಮದುಮಗ ಆದಂಗೆ!"

ನೇತ್ರಾವತಿ ಹಿತ್ತಿಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಬಳಿ ಜುಂಜೇಶ್ ತೆಂಗಿನ ನಾರಿನಿಂದ ತೋಳು ತಿಕ್ಕುತ್ತಿದ್ದ. ಚರ್ಮವೆಲ್ಲ ಕೆಂಪಾಗಿ ತರಚಿತ್ತು.

"ಏನಿದು?!"

"ಕುರಿ ವಾಸನೆ, ನೇತ್ರಾ... ಅವತ್ತು ನಾನು ಬಂದಿದ್ದೇ ಮೂಗು ಮುಚ್ಕಂಡೆಯಲ್ಲ. ಕುರಿನೆಲ್ಲ ಅಣ್ಣ ಬೋರಣ್ಣಂಗೆ ಒಪ್ಸಿದೆ. ಆದ್ರೂ ಹೋಗ್ತಿಲ್ಲ ಕಣೇ! ಹುಟ್ದಾಗಿಂದ ಅಂಟಿರೋದು..."

"ಹಂಗಾದ್ರೆ... ನನ್ ತಲೆ ನೋಡಿ ಹೋಗ್ಲಿಲ್ವಾ?"

"ತಲೆನಾ? ನೀನು ಮೂಗು ಮುಚ್ಕಂಡಿದ್ದು, ನಿನ್ ಕಣ್ಣಲ್ಲಿ ನೀರು ಬಂದಿದ್ದು, ಅಷ್ಟೇ ನಾನು ನೋಡಿದ್ದು."

ಅವಳು ಹತ್ತಿರ ನಡೆದಳು. ಅವನು ಹಿಂದೆ ಸರಿದ.

"ಬ್ಯಾಡ, ದೂರ ನಿಂತ್ಕ!"

ಅವಳು ಅಲ್ಲೇ ಬಾಗಿ ವಾಂತಿ ಮಾಡಿಕೊಂಡಳು. ಅವನು ಓಡಿಬಂದು ಹಣೆ ಹಿಡಿದ. ಬಾಯಿ ತೊಳೆದುಕೊಂಡವಳು ಅವನ ತರಚಿದ ಕೈಯನ್ನು ಹಿಡಿದು ಬಿಡಲಿಲ್ಲ.

"ನೇತ್ರಾ, ವಾಸನೆ..."

"ಬರ್ತೈತೆ. ಬರ್ಲಿ. ನೀನಿಲ್ದಿದ್ರೂ ವಾಂತಿ ಆಗ್ತೈತೆ. ಆಗ ಹಣೆ ಹಿಡಿಯೋರೇ ಇರಲ್ಲ..."

ಅವನು ಬಿಕ್ಕಿದ. ಅವಳು ತನ್ನ ಬೆರಳುಗಳನ್ನೇ ನೋಡಿದಳು.

"ಗಟ್ಟಿಯಾಗಿ ಹಿಡ್ಕಂಡಿದ್ದೀನಾ? ಕೈಗೆ ಏನೂ ಗೊತ್ತಾಗ್ತಿಲ್ಲ..."

"ಹೂಂ. ಉರಿಯೋವಷ್ಟು."

"ಬಿಡ್ಲಾ?"

"ಬ್ಯಾಡ."