ಸ್ಲೈಡಿನ ಮೇಲಿನ ಕೂದಲು

"ಗ್ಯಾಸ್ ಬಿಟ್ಟಿದ್ದೀನಿ ಅಕ್ಕಾ," ಎಂದ ಬಾಗಿಲಿನ ಆಚೆಯಿಂದ.

ಗದರಲಿಲ್ಲ. ಕಿರುಚಲಿಲ್ಲ. ಊಟ ಆಯ್ತಾ ಅಂತ ವಿಚಾರಿಸುವ ದನಿ!

ಚಿಲಕ ಹೊರಗಿನಿಂದ ಬಿದ್ದಿತ್ತು. ನಾನು ಒಳಗೆ. ಶಾಲೆಯ ಲ್ಯಾಬಿಗೆ ಅಂಟಿಕೊಂಡ ಕೆಮಿಕಲ್ ಸ್ಟೋರ್. ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಜಾಗ. ಕಿಟಕಿ ಇಲ್ಲ. ಗೋಡೆಯ ತೂತಿನಿಂದ ಒಂದು ರಬ್ಬರ್ ಪೈಪ್ ಒಳಗೆ ಬಾಯಿ ತೆರೆದುಕೊಂಡಿತ್ತು. ಅದರ ಇನ್ನೊಂದು ತುದಿ ವರಾಂಡದ ಸಿಲಿಂಡರಿಗೆ.

"ಆ ಪತ್ರಾನ ಬಾಗಿಲ ಸಂದಿಯಿಂದ ಈಚೆ ತಳ್ಳಿ. ವಾಲ್ವ್ ಮುಚ್ತೀನಿ. ಮನೆಗೆ ಹೋಗಿ ಆರಾಮಾಗಿ ಕಾಲು ಚಾಚಿ ಮಲಗಿ."

"ಯಾವ ಪತ್ರ?"

"ಅಯ್ಯೋ ಅಕ್ಕಾ... ಐದು ನಿಮಿಷ ಬಿಟ್ಟು ಕೇಳ್ತೀನಿ. ತಾನಾಗೇ ನೆನಪಾಗತ್ತೆ."

ನಡುಹಗಲು. ಹೊರಗೆ ಬಿಸಿಲು. ಶಾಲೆಯಲ್ಲಿ ಒಂದು ಮಗುವಿನ ಸದ್ದೂ ಇಲ್ಲ. ತಪಾಸಣೆಯ ನೆಪದಲ್ಲಿ ಎಲ್ಲರಿಗೂ ರಜೆ ಕೊಟ್ಟಿದ್ದರು. ಖಾಲಿ ಮನೆಗಿಂತ ಖಾಲಿ ಶಾಲೆ ಹೆಚ್ಚು ಹೆದರಿಸುತ್ತದೆ.

ನಿಮಗೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಒಂದು ಕೂದಲಿಗಾಗಿ ಒಬ್ಬಾತ ಹೆಂಗಸನ್ನು ಕೊಲ್ಲಲು ಹೊರಟ ಎಂದರೆ ಸುಮ್ಮನೆ ನಂಬುವುದಿಲ್ಲ ನೀವು.

ನನ್ನ ಕೆಲಸ ತಪಾಸಣೆ. ಒಂದು ಟ್ರಸ್ಟ್ ಶಾಲೆಗಳಿಗೆ ವಿಜ್ಞಾನದ ಲ್ಯಾಬ್ ಮಾಡಿಕೊಳ್ಳಲು ಅನುದಾನ ಕೊಡುತ್ತದೆ. ಮಕ್ಕಳಿಗೆ ಸ್ಕಾಲರ್‌ಶಿಪ್ಪನ್ನೂ ಕೊಡುತ್ತದೆ. ಸ್ಕಾಲರ್‌ಶಿಪ್ ಬೇಕಾದರೆ ಪ್ರಾಕ್ಟಿಕಲ್ ಪರೀಕ್ಷೆ ಪಾಸಾಗಬೇಕು. ಲ್ಯಾಬ್ ನಿಜವಾಗಿ ಇದೆಯೇ ಎಂದು ನೋಡಿ ಬರುವವಳು ನಾನು. ಶಾಲೆಗಳಲ್ಲಿ ನನಗೆ ಇಟ್ಟ ಅಡ್ಡಹೆಸರು ಭೂತಕನ್ನಡಿ.

ನನಗಿಂತ ಮುಂಚೆ ಈ ಕೆಲಸಕ್ಕೆ ಒಬ್ಬರು ಹಿರಿಯರಿದ್ದರು. ಒಂದು ಶಾಲೆಗೆ ತಪಾಸಣೆಗೆ ಹೋದವರು ಮೆಟ್ಟಿಲಿನಿಂದ ಬಿದ್ದು ತೀರಿಕೊಂಡರು. ಹಾಗಂತ ಕಡತದಲ್ಲಿದೆ.

ಆ ಶಾಲೆ ನೋಡಿ ಬಂದೆ. ಅಲ್ಲಿ ಮೆಟ್ಟಿಲೇ ಇಲ್ಲ!

ಹೋದ ವಾರ ನನ್ನ ಹೆಸರಿಗೆ ಒಂದು ಪತ್ರ ಬಂತು. ಸಹಿ ಇಲ್ಲ. ನೀಲಿ ಶಾಯಿ, ಬಲಕ್ಕೆ ವಾಲಿದ ಅಕ್ಷರ. 'ನಮ್ಮ ಮಕ್ಕಳು ಮೈಕ್ರೋಸ್ಕೋಪಿನ ಚಿತ್ರವನ್ನು ಬಹಳ ಚೆನ್ನಾಗಿ ಬರೆಯುತ್ತಾರೆ. ಎಲ್ಲ ಭಾಗಗಳನ್ನೂ ಗುರುತಿಸುತ್ತಾರೆ. ಮುಟ್ಟಿಲ್ಲ ಅಷ್ಟೇ. ಪ್ರತಿ ವರ್ಷ ಪ್ರಾಕ್ಟಿಕಲ್‌ನಲ್ಲಿ ಎಲ್ಲರೂ ಫೇಲ್. ದಯವಿಟ್ಟು ಬನ್ನಿ. ನಾನು ಬರೆದದ್ದು ಎಂದು ಗೊತ್ತಾದರೆ ನನ್ನನ್ನು ಉಳಿಸುವುದಿಲ್ಲ.'

ಪತ್ರ ಬಂದ ವಿಷಯವನ್ನು ನಾನು ಟ್ರಸ್ಟಿನ ಕಾರ್ಯದರ್ಶಿಗೆ ಮಾತ್ರ ಹೇಳಿದೆ. ನನ್ನ ತಪಾಸಣೆಯ ಟೈಮ್‌ಟೇಬಲ್ ಹಾಕುವವರೂ ಅವರೇ.

ಮೊನ್ನೆ ಸೋಮವಾರ ಮೊದಲ ಶಾಲೆ. ಲ್ಯಾಬ್ ಥಳಥಳ ಹೊಳೆಯುತ್ತಿತ್ತು. ಮೈಕ್ರೋಸ್ಕೋಪ್, ಪ್ಲಾಸ್ಟಿಕ್ ಅಸ್ಥಿಪಂಜರ, ಬರ್ನರುಗಳು. ಸ್ಲೈಡ್ ಕೇಳಿದರೆ ಬೀರುವಿನ ಕೀ ಇಲ್ಲ ಅಂದರು. ಆದರೇನು, ನನ್ನ ತಲೆಯಲ್ಲಿ ಕೂದಲಿದೆಯಲ್ಲ! ಒಂದು ಕಿತ್ತು, ಮೈಕ್ರೋಸ್ಕೋಪಿನಲ್ಲೇ ಇದ್ದ ಖಾಲಿ ಸ್ಲೈಡಿನ ಮೇಲೆ ಟೇಪ್ ಹಾಕಿ ಅಂಟಿಸಿ ನೋಡಿದೆ. ಬಣ್ಣ ಹಚ್ಚಿ ತಿಂಗಳಾಗಿತ್ತು. ತುದಿಯಲ್ಲಿ ಕಪ್ಪು, ಬುಡದಲ್ಲಿ ಬಿಳಿ. ಚೆನ್ನಾಗಿ ಕಾಣಿಸಿತು. ಆಮೇಲೆ ಒಂದು ಬರ್ನರ್ ಹಚ್ಚಲು ಹೋದೆ. ಹೊತ್ತಲಿಲ್ಲ. ಸಿಲಿಂಡರನ್ನು ಕಾಲಿನಲ್ಲಿ ತಳ್ಳಿದೆ, ಖಾಲಿ ಕೊಡದ ಹಾಗೆ ಜಾರಿತು. ಕೊರಳಿನಲ್ಲಿ ಹಸಿರು ಬಣ್ಣದ ಒಂದು ಗೀರು. ಅಷ್ಟರಲ್ಲಿ ಕಾಫಿ ಬಂತು. ಕೂದಲು ತೆಗೆಯುವುದು ಮರೆತೆ.

ಮಂಗಳವಾರ ಎರಡನೇ ಶಾಲೆ. ಇದೇ ಶಾಲೆ.

ಅಂಗಳದಲ್ಲಿ ಒಂದು ವ್ಯಾನು, ಅದರೊಳಗೆ ಡ್ರೈವರ್. ಹೆಡ್‌ಮಾಸ್ಟರ್ ಬಾಗಿಲಲ್ಲೇ ಬೆವರುತ್ತ ನಿಂತಿದ್ದರು. ಪಕ್ಕದಲ್ಲಿ ಸಪ್ಲೈಯರ್. ಇಸ್ತ್ರಿ ಮಾಡಿದ ಶರ್ಟು, ಮೆತ್ತನೆ ಮಾತು. ಈ ಭಾಗದ ಹದಿನಾಲ್ಕು ಶಾಲೆಗಳಿಗೂ ಲ್ಯಾಬ್ ಸಾಮಾನು ಕೊಟ್ಟವನು ಅವನೇ. ಹಿಂದೆ ಗೋಡೆಗೆ ಒತ್ತಿಕೊಂಡು ಸೈನ್ಸ್ ಟೀಚರ್. ಚಿಕ್ಕ ವಯಸ್ಸಿನ ಹುಡುಗಿ, ಬೆರಳಿನಲ್ಲಿ ಸೀಮೆಸುಣ್ಣದ ಪುಡಿ.

ಬೋರ್ಡಿನ ಮೇಲೆ 'ಸುಸ್ವಾಗತ' ಎಂದು ಬರೆದಿತ್ತು. ಬಲಕ್ಕೆ ವಾಲಿದ ಅಕ್ಷರ.

ನಾನು ತಟ್ಟನೆ ಬೇರೆ ಕಡೆ ನೋಡಿದೆ.

"ಎಲ್ಲಾ ಹೊಚ್ಚ ಹೊಸದು ಅಕ್ಕಾ," ಎಂದ ಸಪ್ಲೈಯರ್. "ನಿನ್ನೆ ತಾನೇ ಡಬ್ಬಿ ಒಡೆದದ್ದು."

ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ.

ಒಂದು ಕೂದಲು! ತುದಿಯಲ್ಲಿ ಕಪ್ಪು, ಬುಡದಲ್ಲಿ ಬಿಳಿ.

ಮೇಲೆ ಈ ಶಾಲೆಯ ಹೆಸರಿನ ಲೇಬಲ್ ಅಂಟಿಸಿದ್ದರು. ಧೂಳು ಒರೆಸಿದ್ದರು. ಪಾಲಿಶ್ ಹಾಕಿದ್ದರು. ಮೈಕ್ರೋಸ್ಕೋಪಿನೊಳಗೆ ಮಾತ್ರ ಇಣುಕಿರಲಿಲ್ಲ. ಯಾಕೆ ಇಣುಕುತ್ತಾರೆ? ಅದು ಇಣುಕಲು ತಂದದ್ದೇ ಅಲ್ಲ. ಒಂದೇ ಲ್ಯಾಬ್, ಒಂದೇ ವ್ಯಾನ್... ನಾನು ಹೋದಲ್ಲಿಗೆಲ್ಲ ನನಗಿಂತ ಮುಂಚೆ!

"ಏನು ಕಾಣಿಸ್ತು ಅಕ್ಕಾ?"

"ಈರುಳ್ಳಿ ಸಿಪ್ಪೆ."

ಮುಖ ಕೆಡಿಸಿಕೊಂಡೆನೋ ಏನೋ. ಅವನು ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಬಗ್ಗಿ ನೋಡಿದ. ಆಮೇಲೆ ನಿಧಾನವಾಗಿ ತಲೆಯೆತ್ತಿ ನನ್ನ ಬೈತಲೆ ನೋಡಿದ.

"ಒಳ್ಳೆ ಈರುಳ್ಳಿ," ಎಂದು ಸ್ಲೈಡನ್ನು ತನ್ನ ಜೇಬಿಗೆ ಹಾಕಿಕೊಂಡ. "ಹೆಡ್‌ಮಾಸ್ಟ್ರೇ, ಕಾಫಿ ತರಿಸಿ. ದೂರದ ಅಂಗಡಿಯಿಂದ. ಟೀಚರ್, ನೀವು ಹೊರಗಿರಿ."

ಇಬ್ಬರೂ ಹೋದರು. ಅವನು ನನ್ನ ಬ್ಯಾಗು, ಫೋನು ಕಿತ್ತುಕೊಂಡ. ತೋಳು ಹಿಡಿದು ಸ್ಟೋರಿನೊಳಗೆ ದಬ್ಬಿದ.

"ಪತ್ರ ಬಂದಿದೆ ಅಂತ ಗೊತ್ತು. ಅಕ್ಷರ ನೋಡಿದ್ರೆ ಹೆಡ್‌ಮಾಸ್ಟ್ರು ಗುರುತು ಹಿಡೀತಾರೆ. ನೀವು ನಾಳೆ ಬೇರೆ ಊರಿಗೆ ಹೋಗೋರು. ಬರೆದೋರು ಇಲ್ಲೇ ಇರೋರು ಅಲ್ವಾ?"

ಚಿಲಕ.

ಈಗ ತಿಳಿಯಿತಲ್ಲ, ನಾನು ಎಲ್ಲಿದ್ದೆನೆಂದು!

ಪತ್ರ ಬ್ಯಾಗಿನಲ್ಲಿರಲಿಲ್ಲ. ಕೊರಳಿನ ಐಡಿ ಕಾರ್ಡಿನ ಹಿಂದೆ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದೆ. ಅದನ್ನು ತಳ್ಳಿಬಿಟ್ಟರೆ ನಾನು ಬದುಕುತ್ತೇನೆ. ಆ ಹುಡುಗಿ ಯಾವುದೋ ಶಾಲೆಯಲ್ಲಿ, ಇಲ್ಲದ ಮೆಟ್ಟಿಲಿನಿಂದ ಬೀಳುತ್ತಾಳೆ.

ನಾನು ಧೈರ್ಯದವಳಲ್ಲ. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವಳು. ಸೆರಗು ಮೂಗಿಗೆ ಒತ್ತಿಕೊಂಡು ಮೂಲೆಯಲ್ಲಿ ಕುಕ್ಕರಿಸಿದೆ. ಗ್ಯಾಸ್ ವಾಸನೆ ಬರುತ್ತಿತ್ತು. ತಲೆ ಸುತ್ತುತ್ತಿತ್ತು.

ಬರುತ್ತಿತ್ತೇ?

ಸೆರಗು ತೆಗೆದು ಮೂಸಿದೆ. ಹೊಸ ಪೇಂಟಿನ ವಾಸನೆ. ಪೈಪಿನ ಬಾಯಿಗೆ ಕಿವಿ ಇಟ್ಟೆ. ಸದ್ದಿಲ್ಲ.

ಒಳಗೆ ಬರುವಾಗ ವರಾಂಡದಲ್ಲಿ ಕಂಡ ಸಿಲಿಂಡರ್ ನೆನಪಾಯಿತು. ಕೊರಳಿನಲ್ಲಿ ಹಸಿರು ಗೀರು...

ಅದೇ ಮೈಕ್ರೋಸ್ಕೋಪ್ ಆದರೆ ಅದೇ ಸಿಲಿಂಡರ್. ಅದೇ ಸಿಲಿಂಡರ್ ಆದರೆ ಖಾಲಿ! ಅವನ ಕಡೆಯವರಲ್ಲಿ ಬರ್ನರ್ ಹಚ್ಚಿ ನೋಡಿದವರಿದ್ದರೆ ತಾನೇ ಅವನಿಗೆ ಗೊತ್ತಾಗುವುದು?

ಕಪಾಟಿನಲ್ಲಿ ಸ್ಪಿರಿಟ್ ಲ್ಯಾಂಪು, ಪಕ್ಕದಲ್ಲಿ ಬೆಂಕಿಪೊಟ್ಟಣ. ಕೈಗೆತ್ತಿಕೊಂಡೆ. ನೂರಕ್ಕೆ ತೊಂಬತ್ತು ಖಾತರಿಯಿತ್ತು. ಉಳಿದ ಹತ್ತಕ್ಕೆ ದೇವರ ಹೆಸರು ಹೇಳಿಕೊಂಡೆ.

"ಅಣ್ಣಾ," ಎಂದೆ ಬಾಗಿಲಿಗೆ ಬಾಯಿಟ್ಟು. "ಇಲ್ಲೇ ಇದ್ದೀಯಾ?"

"ಇಲ್ಲೇ ಅಕ್ಕಾ. ನೆನಪಾಯ್ತಾ?"

"ಆಯ್ತು. ಈ ಸದ್ದು ಕೇಳು." ಪೊಟ್ಟಣ ಅಲ್ಲಾಡಿಸಿದೆ.

ಆಚೆ ಕುರ್ಚಿ ಕಿರ್ರೆಂದಿತು.

"ಅಕ್ಕಾ... ಹುಚ್ಚಾಟ ಬೇಡ. ಒಳಗೆ ಪೂರ್ತಿ ಗ್ಯಾಸು!"

"ಬಿಟ್ಟದ್ದು ನೀನೇ ಅಲ್ವೇನೋ? ಒಂದು... ಎರಡು..."

ಕಡ್ಡಿ ಗೀರಿದೆ.

ಆಚೆ ಕುರ್ಚಿ ಬಿದ್ದ ಸದ್ದು. ಬೂಟುಗಳು ವರಾಂಡದಲ್ಲಿ ದಡದಡ ಓಡಿದವು. "ವ್ಯಾನ್ ತೆಗಿಯೋ! ತೆಗಿ!"

ಕಡ್ಡಿ ಅಷ್ಟು ಚೆಂದವಾಗಿ ಉರಿದದ್ದನ್ನು ನಾನು ಜನ್ಮದಲ್ಲಿ ನೋಡಿಲ್ಲ. ಅದರಲ್ಲೇ ಪತ್ರವನ್ನು ಹಚ್ಚಿದೆ. ನೀಲಿ ಅಕ್ಷರಗಳು ಒಂದೊಂದಾಗಿ ಕಪ್ಪಾದವು.

ಚಿಲಕ ಸರಿಯಿತು. ಸೈನ್ಸ್ ಟೀಚರ್. ಮುಖದಲ್ಲಿ ರಕ್ತವಿಲ್ಲ.

"ಮೇಡಂ... ಪತ್ರ..."

"ಯಾವ ಪತ್ರ?" ಎಂದೆ ಬೂದಿ ಕೊಡವುತ್ತ. "ಗಾಡಿ ಇದೆಯೇನಮ್ಮ?"

ಸ್ಕೂಟರ್ ಇತ್ತು. ಓಡಿಸಿದವಳು ಅವಳು. ಹಿಂದೆ ಕಣ್ಣು ಮುಚ್ಚಿಕೊಂಡು ಕೂತವಳು ನಾನು.

"ನಿಧಾನ ಕಣಮ್ಮಾ!"

"ನಿಧಾನ ಹೋದ್ರೆ ಅವ್ನು ನಿಂತು ಕಾಯ್ತಾನಾ ಮೇಡಂ?"

ವ್ಯಾನ್ ಮಾರ್ಕೆಟ್ ರಸ್ತೆಗೆ ನುಗ್ಗಿತು. ನಾಳಿನ ಶಾಲೆಗೆಂದು ಡ್ರೈವರ್ ಅರ್ಧ ಸಾಮಾನು ಆಗಲೇ ತುಂಬಿದ್ದ. ಹಿಂದಿನ ಬಾಗಿಲಿಗೆ ಕೊಂಡಿ ಹಾಕಿರಲಿಲ್ಲ. ತಿರುವಿನಲ್ಲಿ ಬಾಗಿಲು ತೆರೆದುಕೊಂಡಿತು. ಒಂದು ಡಬ್ಬಿ ಬಿತ್ತು. ಇನ್ನೊಂದು. ಪ್ಲಾಸ್ಟರಿನ ಹೃದಯ ಉರುಳುತ್ತ ಬಂದು ನಮ್ಮ ಚಕ್ರಕ್ಕೆ ಬಡಿಯಿತು. ಕೊನೆಗೆ ಅಸ್ಥಿಪಂಜರ... ನಡುರಸ್ತೆಯಲ್ಲಿ ಕೂತುಬಿಟ್ಟಿತು, ಬಸ್ಸಿಗೆ ಕಾಯುವವರ ಹಾಗೆ!

ಬ್ರೇಕು. ಹಾರ್ನು. ಕಿರುಚಾಟ. ಮುಂದೆ ಬಸ್ಸು, ಹಿಂದೆ ಲಾರಿ. ವ್ಯಾನ್ ಸಿಕ್ಕಿಕೊಂಡಿತು.

ಟ್ರಾಫಿಕ್ ಪೊಲೀಸ್ ಸೀಟಿ ಊದುತ್ತ ಬಂದ. "ಯಾರದ್ರೀ ಇದು?"

"ಶಾಲೇದು ಸಾರ್," ಎಂದ ಸಪ್ಲೈಯರ್. ಮೆತ್ತನೆ ದನಿ ಮರಳಿತ್ತು.

"ಯಾವ ಶಾಲೇದು?"

ನಾನು ಮೈಕ್ರೋಸ್ಕೋಪನ್ನು ಎತ್ತಿ ಪೊಲೀಸನ ಕೈಗಿಟ್ಟೆ. "ಲೇಬಲ್ ಕಿತ್ತು ನೋಡಿ ಸಾರ್."

ಕಿತ್ತ. ಕೆಳಗೆ ಇನ್ನೊಂದು ಶಾಲೆಯ ಲೇಬಲ್. ಅದನ್ನೂ ಕಿತ್ತ. ಮತ್ತೊಂದು ಶಾಲೆ. ಈರುಳ್ಳಿಯ ಹಾಗೆ, ಪದರದ ಕೆಳಗೆ ಪದರ. ಕೊನೆಯ ಪದರ ಬಂದಾಗ ರಸ್ತೆಯ ಜನವೆಲ್ಲ ಒಟ್ಟಿಗೆ ಎಣಿಸುತ್ತಿದ್ದರು. ಹದಿನಾಲ್ಕು!

"ಅವನ ಜೇಬಿನಲ್ಲಿ ನನ್ನ ಕೂದಲಿದೆ," ಎಂದೆ. "ಅದನ್ನೂ ತಗೊಳ್ಳಿ."

ಸಪ್ಲೈಯರ್ ನನ್ನನ್ನು ನೋಡಿ ನಕ್ಕ. "ಅಕ್ಕಾ, ನಾನು ಬರೀ ವ್ಯಾನು. ಟೈಮ್‌ಟೇಬಲ್ ನಂದಲ್ಲ."

ಡ್ರೈವರ್ ಸ್ಟೇಷನ್ನಿನಲ್ಲಿ ಎಲ್ಲ ಒಪ್ಪಿಕೊಂಡ. ತುಂಬಿದ ಸಿಲಿಂಡರ್ ಅವನ ಮನೆಯ ಅಡುಗೆಗೆ ಹೋಗಿ ಎರಡು ವರ್ಷವಾಗಿತ್ತಂತೆ. "ಯಾರೂ ಹಚ್ಚಲ್ವಲ್ಲ ಸಾರ್, ಅದಕ್ಕೇ ಖಾಲೀದು ಇಟ್ಟೆ," ಎಂದ. ನನ್ನ ಜೀವ ಉಳಿಸಿದ ಪುಣ್ಯಾತ್ಮ!

ಸಂಜೆ ನನ್ನ ಫೋನ್ ವಾಪಸು ಬಂತು. ಬಂದ ತಕ್ಷಣ ರಿಂಗಾಯಿತು. ಕಾರ್ಯದರ್ಶಿ.

"ಶಹಭಾಸ್ ಅಮ್ಮಾ! ಆ ಪತ್ರ ಮಾತ್ರ ಫೈಲಿಗೆ ಬೇಕಿತ್ತು. ಎಲ್ಲಿದೆ?"

ಬರೆದವಳನ್ನು ಬಿಟ್ಟರೆ ಪತ್ರದ ವಿಷಯ ಗೊತ್ತಿದ್ದವರು ಇಬ್ಬರೇ. ನಾನು ಮತ್ತು ಅವರು. ಸಪ್ಲೈಯರಿಗೆ ನಾನಂತೂ ಹೇಳಿರಲಿಲ್ಲ.

"ಸುಟ್ಟುಹೋಯ್ತು ಸಾರ್."



"ಹೋಗ್ಲಿ ಬಿಡಿ. ಬರೆದೋರು ಯಾರು ಅಂತ ನಿಮಗೆ ನೆನಪಿರಬೇಕಲ್ಲ?"

"ಇಲ್ಲ ಸಾರ್."

"ನಾಳೆ ಗುಡ್ಡದ ಶಾಲೆಗೆ ಹೊರಡ್ತೀರಿ ತಾನೇ?"

"ಹೌದು ಸಾರ್. ನೀವು ಹಾಕಿದ ಟೈಮ್‌ಟೇಬಲ್ ಪ್ರಕಾರವೇ."

ಬೆಳಗ್ಗೆ ನಾನು ಗುಡ್ಡದ ಶಾಲೆಗೆ ಹೋಗಲಿಲ್ಲ. ಅವರ ಆಫೀಸಿಗೆ ಹೋದೆ. ಅದು ಮೂರನೇ ಮಹಡಿ. ನನ್ನ ಹಿಂದೆ ಇಬ್ಬರು ಪೊಲೀಸರು ಬರುತ್ತಿದ್ದರು.

ಆದರೂ ಮೆಟ್ಟಿಲನ್ನು ಕಂಬಿ ಹಿಡಿದುಕೊಂಡೇ ಹತ್ತಿದೆ.