ಹಾಡು ನಿಂತ ಜಾಗ

ದಾಂಡೇಲಿಯಲ್ಲಿ ಮದುವೆ ವಿಡಿಯೊ ಮಾಡುವ ನಾವೆಲ್ಲ ಒಂದೇ ತಪ್ಪು ಮಾಡುತ್ತೇವೆ. ಮಂದಿಯ ಮಾತು ಪೂರ್ತಿ ಅಳಿಸಿ, ಮೇಲೆ ಹಾಡು ಹಾಕುತ್ತೇವೆ. ಮೆಕ್ಯಾನಿಕ್ ಉಸ್ಮಾನಸಾಬರ ಮಗಳು ಶಬನಮಳ ಮದುವೆಗೂ ಹಾಗೇ ಮಾಡಿದ್ದೆ. ಅದಾದ ಮೇಲೆ, ಎರಡು ವರ್ಷದ ಹಿಂದೆ, ಉಸ್ಮಾನಸಾಬರ ಹೆಂಡತಿ ಜಾಹೀದಾ ತೀರಿಕೊಂಡರು. ಅವರ ದನಿ ಈಗ ಎಲ್ಲಿಯೂ ಇಲ್ಲ.

ಮೊನ್ನೆ ಉಸ್ಮಾನಸಾಬರು ಆ ವಿಡಿಯೊದ ಎರಡು ಪ್ರತಿ ಕೇಳಿದರು. ತಮ್ಮ ಹೊಸ ಟಿವಿಗೆ ಪೆನ್‌ಡ್ರೈವಿನಲ್ಲಿ ಎಚ್‌ಡಿ, ಹಳಿಯಾಳದಲ್ಲಿರುವ ಶಬನಮಳ ಹಳೇ ಪ್ಲೇಯರಿಗೆ ಡಿವಿಡಿ. ಡಿವಿಡಿಯನ್ನು ಅಂದೇ ಹಳಿಯಾಳಕ್ಕೆ ಕಳಿಸಿದೆ. ಹಾಕಿ ನೋಡಿರಲಿಲ್ಲ.

ನಿನ್ನೆ ಮಧ್ಯಾಹ್ನ ಉಸ್ಮಾನಸಾಬರ ಮನೆಯಲ್ಲಿ ಅವರೆದುರೇ ಎಚ್‌ಡಿ ಹಾಕಿದೆ. ಜಾಹೀದಾ ಊಟ ಬಡಿಸುತ್ತ ಕ್ಯಾಮೆರಾದ ಕಡೆ ತಿರುಗಿದಾಗ ಹಾಡು ತಟ್ಟನೆ ನಿಂತಿತು. ಗಾಜಿನ ಬಳೆಗಳ ಸದ್ದಾಯಿತು. ಆಮೇಲೆ ಒಂದು ದನಿ ಹತ್ತಿರ ಕರೆಯಿತು, "ರುಕ್ಸಾರ, ಇಧರ್ ಆ."

"ಆಕಿದ ದನಿ ಐತ್ರಿ ಇದು!" ಎಂದು ಉಸ್ಮಾನಸಾಬರು ಎದ್ದು ನಿಂತರು.

"ರುಕ್ಸಾರ ಯಾರ್ರಿ?" ಎಂದು ಕೇಳಿದೆ.

ಅವರ ಮುಖ ಇಳಿಯಿತು. "ಶಬನಮನ ಕೂಸು. ಹೆಸರಿಟ್ಟು ನಾಕ ದಿನಾ ಆತು." ಫೋನ್ ಕೈಗೆತ್ತಿಕೊಂಡು, "ಡಿವಿಡಿಯೊಳಗೂ ಐತೇನ್ರಿ ಇದು?" ಎಂದರು.

"ಇಲ್ರಿ, ಅದರಾಗ ಹಾಡಷ್ಟ ಐತಿ," ಎಂದೆ.

ನನ್ನ ಮಾತು ನಂಬದೆ ಅವರು ಹಳಿಯಾಳಕ್ಕೆ ಫೋನ್ ಹಚ್ಚಿದರು. "ಹಲೋ ಅಬ್ಬಾ," ಎಂದಳು ಶಬನಮ. ಅವಳ ಹಿಂದಿನಿಂದ ನಾನು ಹಾಕಿದ ಅದೇ ಹಾಡು ಕೇಳುತ್ತಿತ್ತು.

"ಬೇಟಾ, ಟಿವಿ ಬಂದ್ ಕರ್," ಎಂದು ಅವರು ಹೇಳಿ ಮುಗಿಸುವ ಮೊದಲೇ ಹಾಡು ತಾನಾಗಿ ತಟ್ಟನೆ ನಿಂತಿತು. ಫೋನಿನಲ್ಲಿ ಅದೇ ಗಾಜಿನ ಬಳೆಗಳ ಸದ್ದು ಕೇಳಿತು.